ಮೊಲದ ಹೊಟ್ಟೆಗೆ ಹೊಲದ ಹೊಟ್ಟು

ಮೊಲವೆಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಹುಣ್ಣಿಮೆಯ ಚಂದ್ರನ ಮೈಮೇಲಿನ ಕಲೆ, ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿದ ಜಾಣ, ಮತ್ತು ತಾವು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಹಟ ಹಿಡಿಯುವ ಮಹನೀಯರು. ಅದರ ಹೊಟ್ಟೆಯ ವಿಚಾರವನ್ನು ಯಾವ ಕಥೆಯೂ ಹೇಳಿಲ್ಲ. ಆದರೆ ಮೊಲ ಸಾಕಿ ಜೀವನ ನಡೆಸುವ ರೈತನಿಗೆ ಅದರ ಹೊಟ್ಟೆಯೇ ಸರ್ವಸ್ವ. ಹುಟ್ಟಿದ ನಾಲ್ಕೈದು ವಾರಗಳಿಗೆ ತಾಯಿಯ ಹಾಲು ಬಿಡಿಸಿದ ಮರಿಗಳು ಮುಂದಿನ ಕೆಲವೇ ವಾರಗಳಲ್ಲಿ ಹೊಟ್ಟೆಯುಬ್ಬಿ, ಭೇದಿಯಾಗಿ, ಒಂದರ ಹಿಂದೊಂದು ಸಾಯುವುದು ಈ ಕಸುಬಿನ ದೊಡ್ಡ ಸಂಕಟ. ಬೆಳಿಗ್ಗೆ ಚೆನ್ನಾಗಿದ್ದ ಮರಿ ಮರುದಿನ ಇರುವುದಿಲ್ಲ.

ಬ್ಯಾಂಕಿನ ಉದ್ಯೋಗದಲ್ಲಿ ಕಳೆದ ವರ್ಷಗಳಲ್ಲಿ ಕೋಳಿ, ಹಂದಿ, ಹೈನುಗಾರಿಕೆಗಳ ಜೊತೆಗೆ ಮೊಲ ಸಾಕಣೆಯ ಯೋಜನಾ ವರದಿಗಳೂ ಕೆಲವು ನಮ್ಮ ಮೇಜನ್ನು ಹಾದು ಹೋಗಿವೆ. ಅವುಗಳಲ್ಲಿ ಆಹಾರದ ವೆಚ್ಚವೇ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚಾಗಿರುತ್ತಿತ್ತು. ತೌಡು, ಬೂಸಾ, ಹೊಟ್ಟುಗಳು ಬರುತ್ತಿದ್ದುದು ಆ ವೆಚ್ಚವನ್ನು ತಗ್ಗಿಸುವ ಉಪಾಯವಾಗಿ ಮಾತ್ರ. ಕಲಾ ವಿಭಾಗದ ಪದವೀಧರರಾದ ನಮಗೂ ಆಗ ಅದು ಸರಿಯೆಂದೇ ಕಾಣುತ್ತಿತ್ತು. ಒಳ್ಳೆಯ ಧಾನ್ಯ ಕೊಳ್ಳಲಾಗದವನು ಹೊಟ್ಟು ಹಾಕುತ್ತಾನೆ, ಅಷ್ಟೇ ತಾನೆ? ಈ ವಿಷಯದ ಬರಹಗಳನ್ನು ಕುತೂಹಲದಿಂದ ಓದುತ್ತ ಹೋದಾಗ ತಿಳಿದುಬಂದದ್ದು ಬೇರೆಯೇ. ಮೊಲದ ಮಟ್ಟಿಗೆ ಹೊಟ್ಟು ಬಡವನ ಆಹಾರವಲ್ಲ, ಅದು ಅರ್ಧ ಔಷಧ.

ಇದಕ್ಕೆ ಕಾರಣ ಆ ಪ್ರಾಣಿಯ ಕರುಳಿನ ರಚನೆ. ಹಸುವಿಗಿರುವಂತೆ ಮೊಲಕ್ಕೆ ನಾಲ್ಕು ಕೋಣೆಗಳ ಹೊಟ್ಟೆಯಿಲ್ಲ. ಆದರೆ ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವೆಡೆಯಲ್ಲಿ ಅದಕ್ಕೊಂದು ದೊಡ್ಡ ಚೀಲವಿದೆ. ವೈದ್ಯರು ಸೀಕಮ್ ಎನ್ನುವ ಈ ಚೀಲ ಮನುಷ್ಯರಲ್ಲಿ ತೀರ ಚಿಕ್ಕದು. ಮೊಲದಲ್ಲಾದರೋ ಜೀರ್ಣಾಂಗದೊಳಗಿನ ಒಟ್ಟು ಸರಕಿನ ಸುಮಾರು ಶೇ. 40 ಭಾಗ ಇದರಲ್ಲೇ ಇರುತ್ತದೆ. ಕೋಟ್ಯಂತರ ಸೂಕ್ಷ್ಮಜೀವಿಗಳು ಇಲ್ಲಿ ನೆಲೆಸಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಬಂದದ್ದನ್ನು ಹುದುಗಿಸುತ್ತವೆ. ದೊಡ್ಡ ಕರುಳು ಒಂದು ಜರಡಿಯಂತೆ ಕೆಲಸ ಮಾಡುತ್ತದೆ: ಒರಟಾದ ನಾರನ್ನು ಗಟ್ಟಿ ಹಿಕ್ಕೆಯಾಗಿ ಹೊರಗೆ ಸಾಗಿಸುತ್ತದೆ, ನುಣ್ಣನೆಯ ಕಣಗಳನ್ನೂ ನೀರನ್ನೂ ಹಿಂದಕ್ಕೆ ಚೀಲಕ್ಕೆ ದೂಡುತ್ತದೆ. ಚೀಲದಲ್ಲಿ ಹದವಾದ ಸರಕು ದಿನಕ್ಕೊಮ್ಮೆ ಮೆತ್ತಗಿನ ಗುಳಿಗೆಗಳ ಗೊಂಚಲಾಗಿ ಹೊರಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಗೊಡದೆ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಓದಲು ಹೇಸಿಗೆಯೆನಿಸಬಹುದು. ಆದರೆ ಅದರ ಬಿ ಜೀವಸತ್ವಗಳೂ ಸ್ವಲ್ಪಮಟ್ಟಿನ ಪ್ರೊಟೀನೂ ಹೀಗೆಯೇ ದೊರೆಯುತ್ತವೆ. ಹಸು ಮೆಲುಕು ಹಾಕುವುದಕ್ಕೆ ಮೊಲದ ಉತ್ತರವಿದು.

ಈ ಯಂತ್ರ ಓಡುವುದು ನಾರಿನ ಬಲದಿಂದ. ಒರಟು ನಾರು ಕಡಿಮೆಯಾದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಸರಕು ಚೀಲದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದೇ ಹೊತ್ತಿಗೆ ಮೆಕ್ಕೆಜೋಳ, ಗೋಧಿಗಳ ಪಿಷ್ಟ ಹೆಚ್ಚಾಗಿದ್ದರೆ, ಎಳೆಯ ಮರಿಯ ಸಣ್ಣ ಕರುಳು ಅದನ್ನು ಪೂರ್ತಿ ಅರಗಿಸಲಾರದೆ ಚೀಲಕ್ಕೆ ಕಳುಹಿಸುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ವಿಷಕಾರಿ ಕ್ಲಾಸ್ಟ್ರೀಡಿಯಂ ಜಾತಿಯವು ತಲೆಯೆತ್ತುತ್ತವೆ. ಸಾಕಣೆಯ ಮೊಲದ ಆಹಾರದಲ್ಲಿ ಕಚ್ಚಾ ನಾರು ಸುಮಾರು ಶೇ. 14ರಿಂದ 18ರಷ್ಟು ಇರಬೇಕೆನ್ನುವುದು ಇದಕ್ಕಾಗಿ. ಮಾಂಸದ ಕೋಳಿಯ ಆಹಾರದಲ್ಲಿ ಇದರ ಅರ್ಧದಷ್ಟೂ ಇರುವುದಿಲ್ಲ. ಆದ್ದರಿಂದಲೇ ಕೋಳಿಯ ದಾಣಿಯನ್ನು ಮೊಲಕ್ಕೆ ಹಾಕಿ ‘ಒಳ್ಳೆಯ ಆಹಾರ ಕೊಟ್ಟರೂ ಸತ್ತುಹೋದವು’ ಎನ್ನುವ ದೂರು ಅರ್ಥಹೀನ. ಆಹಾರ ಒಳ್ಳೆಯದೇ, ಆದರೆ ಕೋಳಿಗೆ!

ಈ ಪಾಠವನ್ನು ಯೂರೋಪಿನವರು ದುಬಾರಿ ಬೆಲೆ ತೆತ್ತು ಕಲಿತರು. ಫ್ರಾನ್ಸ್, ಸ್ಪೇನ್, ಇಟಲಿಗಳಲ್ಲಿ ಮೊಲ ಸಾಕಣೆ ದೊಡ್ಡ ಉದ್ಯಮ. 1996ರ ಕೊನೆ ಮತ್ತು 1997ರ ಆರಂಭದಲ್ಲಿ ಫ್ರಾನ್ಸಿನ ಸಾಕಣೆ ಕೇಂದ್ರಗಳಲ್ಲಿ ಕರುಳಿನ ಹೊಸ ಸಾಂಕ್ರಾಮಿಕವೊಂದು ಕಾಣಿಸಿಕೊಂಡಿತು. ಹೊಟ್ಟೆಯುಬ್ಬರ, ನೀರಿನಂಥ ಭೇದಿ, ಲೋಳೆ, ನೋವಿನಿಂದ ಹಲ್ಲು ಕಡಿಯುವುದು ಅದರ ಲಕ್ಷಣಗಳು. ಬೇಗನೆ ನೆರೆಯ ದೇಶಗಳಿಗೂ ಹಬ್ಬಿತು. ‘ಇದೇ ರೋಗಾಣು’ ಎಂದು ಬೊಟ್ಟು ಮಾಡಿ ತೋರಿಸುವುದು ವಿಜ್ಞಾನಿಗಳಿಗೆ ಸುಲಭವಾಗಲಿಲ್ಲ. ಸಾಕಣೆದಾರರು ಪ್ರತಿಜೀವಕ ಔಷಧಗಳ ಮೊರೆಹೊಕ್ಕರು. ಆದರೆ ಮೊಲಕ್ಕೆ ಪ್ರತಿಜೀವಕವೆಂಬುದು ಎರಡಲಗಿನ ಕತ್ತಿ. ಪೆನಿಸಿಲಿನ್ ವರ್ಗದ ಕೆಲವು ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಚೀಲದೊಳಗಿನ ಉಪಕಾರಿ ಜೀವಿಗಳೇ ಸತ್ತು ಮೊಲವೂ ಸಾಯಬಹುದು. ಮೇಲಾಗಿ 2006ರ ಜನವರಿ 1ರಿಂದ ಐರೋಪ್ಯ ಒಕ್ಕೂಟವು ಬೆಳವಣಿಗೆ ಹೆಚ್ಚಿಸಲೆಂದು ಪಶು ಆಹಾರದಲ್ಲಿ ಪ್ರತಿಜೀವಕ ಬೆರೆಸುವುದನ್ನು ನಿಷೇಧಿಸಿತು. 2022ರ ಜನವರಿಯಿಂದ ರೋಗ ಬರುವ ಮೊದಲೇ ವಾಡಿಕೆಯಂತೆ ಔಷಧ ಕೊಡುವುದಕ್ಕೂ ತಡೆ ಬಿದ್ದಿತು. ಉಳಿದ ದಾರಿ ಆಹಾರವೊಂದೇ.

ಫ್ರಾನ್ಸಿನ ತುಲೂಸ್‌ನಲ್ಲಿರುವ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸ್ಪೇನಿನ ಮ್ಯಾಡ್ರಿಡ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರೂ ಈ ದಿಸೆಯಲ್ಲಿ ಮಾಡಿದ ಕೆಲಸ ಗಮನಾರ್ಹ. ನಾರಿನಲ್ಲಿ ಎರಡು ಬಗೆ, ಎರಡೂ ಬೇಕು ಎಂಬುದು ಅದರ ಸಾರ. ಒಂದು, ನೀರಿನಲ್ಲಿ ಕರಗದ, ಗಟ್ಟಿಯಾದ, ಮರದ ಗುಣವುಳ್ಳ ನಾರು. ಲಿಗ್ನಿನ್ ಎಂಬ ಅಂಶ ಇದರಲ್ಲಿರುತ್ತದೆ. ಇದು ಜೀರ್ಣವಾಗುವುದಿಲ್ಲ, ಆದರೆ ಕರುಳನ್ನು ಚಲಿಸುವಂತೆ ಮಾಡುತ್ತದೆ. ಸೂರ್ಯಕಾಂತಿ ಬೀಜದ ಸಿಪ್ಪೆ, ವೈನ್ ತೆಗೆದ ಬಳಿಕ ಉಳಿಯುವ ದ್ರಾಕ್ಷಿಯ ಸಿಪ್ಪೆ ಬೀಜಗಳ ಚರಟ ಈ ಬಗೆಯವು. ಇಂಥ ನಾರು ತಗ್ಗಿದಷ್ಟೂ ಹಾಲು ಬಿಟ್ಟ ಮರಿಗಳ ಸಾವು ಹೆಚ್ಚುವುದನ್ನು ತುಲೂಸ್‌ನವರು ತೋರಿಸಿದರು. ಇನ್ನೊಂದು, ಪೆಕ್ಟಿನ್‌ನಂತಹ ಕರಗುವ ನಾರು. ಇದು ಚೀಲದೊಳಗಿನ ಉಪಕಾರಿ ಜೀವಿಗಳಿಗೆ ಊಟ. ಸಕ್ಕರೆ ತೆಗೆದ ಬೀಟ್ ಗಡ್ಡೆಯ ತಿರುಳು, ರಸ ಹಿಂಡಿದ ಸೇಬಿನ ತಿರುಳು, ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಗಳಲ್ಲಿ ಇದು ಸಮೃದ್ಧ. ಮ್ಯಾಡ್ರಿಡ್‌ನವರು ಲೂಸರ್ನ್ ಹುಲ್ಲಿನ ಒಂದು ಪಾಲಿಗೆ ಬದಲು ಬೀಟ್ ಮತ್ತು ಸೇಬಿನ ತಿರುಳು ಕೊಟ್ಟು ನೋಡಿದಾಗ ಮರಿಗಳ ಕರುಳಿನ ಒಳಪದರ ಸುಧಾರಿಸಿತು, ಕ್ಲಾಸ್ಟ್ರೀಡಿಯಂ ಹಾವಳಿ ತಗ್ಗಿತು. ಸಕ್ಕರೆ ಕಾರ್ಖಾನೆಯೂ ಹಣ್ಣಿನ ರಸದ ಕಾರ್ಖಾನೆಯೂ ಉಳಿಸಿದ ವಸ್ತುವಿನಿಂದ ಔಷಧದಂಗಡಿಯ ಕೆಲಸವಾಯಿತು. ಇದರೊಂದಿಗೆ, ಹಾಲು ಬಿಡಿಸಿದ ಮೊದಲ ವಾರಗಳಲ್ಲಿ ಮರಿಗಳಿಗೆ ಹಸಿವಿಗಿಂತ ತುಸು ಕಡಿಮೆ ತಿನ್ನಿಸುವ ಪದ್ಧತಿಯೂ ಫ್ರಾನ್ಸಿನಲ್ಲಿ ಬಳಕೆಗೆ ಬಂದಿದೆ. ‘ಲಂಘನಂ ಪರಮೌಷಧಂ’ ಎಂದ ನಮ್ಮ ಹಿರಿಯರಿಗೆ ಇದು ಹೊಸ ಮಾತೇನಲ್ಲ.

ನಮ್ಮಲ್ಲಿ ಬೀಟ್ ಸಕ್ಕರೆಯಿಲ್ಲ, ಕಬ್ಬಿನದೇ ದೊರೆತನ. ಕಬ್ಬಿನ ಸಿಪ್ಪೆ ಗಟ್ಟಿ ನಾರಷ್ಟೇ. ಬೀಟ್ ತಿರುಳಿನ ಗುಣ ಅದಕ್ಕಿಲ್ಲ. ಆದ್ದರಿಂದ ಯೂರೋಪಿನ ಸೂತ್ರವನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಆದರೆ ನಮಗೆ ನಮ್ಮದೇ ಉಗ್ರಾಣವಿದೆ. ಕಾಯಿ ಬಿಡಿಸಿದ ಮೇಲೆ ಉಳಿಯುವ ಶೇಂಗಾ ಬಳ್ಳಿ ಚೆನ್ನಾಗಿ ಒಣಗಿದ್ದರೆ ಉತ್ತಮ ಮೇವು. ಕಲಬುರಗಿಯ ಕಡೆಯವರಿಗೆ ತೊಗರಿ ಹೊಟ್ಟನ್ನು ಪರಿಚಯಿಸಬೇಕಾಗಿಲ್ಲ. ರೇಷ್ಮೆ ಸಾಕುವ ರಾಮನಗರ, ಕೋಲಾರಗಳ ಕಡೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಎಲೆ, ಎಳೆಯ ಕಡ್ಡಿಗಳಿವೆ. ಹಿಪ್ಪುನೇರಳೆಯನ್ನು ಮೊಲ ಬಲು ಇಷ್ಟಪಟ್ಟು ತಿನ್ನುತ್ತದೆ. ನಮ್ಮ ಮಹಾರಾಷ್ಟ್ರದಲ್ಲಿ ನಾಶಿಕದ ವೈನ್ ತಯಾರಕರಲ್ಲಿ ದ್ರಾಕ್ಷಿ ಚರಟವಿದೆ, ನಾಗಪುರದಲ್ಲಿ ಕಿತ್ತಳೆಯ ಸಿಪ್ಪೆಯಿದೆ. ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ರಾಜಸ್ಥಾನದ ಅವಿಕಾನಗರದಲ್ಲಿದ್ದು, ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿಯೂ ಹಿಮಾಚಲದ ಕುಲ್ಲು ಕಣಿವೆಯ ಗಡ್ಸಾದಲ್ಲಿಯೂ ಮೊಲಗಳನ್ನು ಸಾಕುವ ಅದರ ಪ್ರಾದೇಶಿಕ ಕೇಂದ್ರಗಳಿವೆ. ಆಸಕ್ತ ರೈತಮಿತ್ರರು ಯಾರದೋ ಮಾತು ಕೇಳಿ ಮಿಶ್ರಣ ಮಾಡುವುದಕ್ಕಿಂತ ಇಂಥ ಕೇಂದ್ರಗಳನ್ನು ವಿಚಾರಿಸುವುದು ಲೇಸು.

ಏಕೆಂದರೆ ಹೊಟ್ಟೆಲ್ಲ ಒಂದೇ ಅಲ್ಲ. ಭತ್ತದ ಹೊಟ್ಟಿನಲ್ಲಿ ಮರಳಿನಂಥ ಸಿಲಿಕಾ ಹೇರಳ, ಅದು ಕರುಳನ್ನು ಕೆರೆಯುತ್ತದೆ. ಅಕ್ಕಿ ತೌಡು ಪೌಷ್ಟಿಕವೇ ಆದರೂ ಅದರಲ್ಲಿರುವ ಎಣ್ಣೆಯಿಂದಾಗಿ ಬೇಗ ಕಮಟುತ್ತದೆ. ದ್ರಾಕ್ಷಿ ಚರಟದಲ್ಲಿ ಒಗರಿನ ಟ್ಯಾನಿನ್ ಇರುವುದರಿಂದ ಅದು ಮಿತಿಯಲ್ಲಿರಬೇಕು. ನಾರು ಒಳ್ಳೆಯದೆಂದು ಹಿಟ್ಟಿನಂತೆ ನುಣ್ಣಗೆ ಬೀಸಿ ಹಾಕಿದರೆ ಮೊಲದ ಜರಡಿ ಅದನ್ನು ಮತ್ತೆ ಚೀಲಕ್ಕೇ ದೂಡುತ್ತದೆ, ಮಾಡಿದ ಶ್ರಮ ವ್ಯರ್ಥ. ಹಣ್ಣಿನ ಸಿಪ್ಪೆ, ತಿರುಳುಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು; ಒಣಗಿಸುವ ಖರ್ಚು ಲೆಕ್ಕಕ್ಕೆ ಬಾರದೆ ಹೋದರೆ ‘ಬಿಟ್ಟಿ ಮೇವು’ ಬಿಟ್ಟಿಯಾಗಿ ಉಳಿಯದು. ಇದು ಬ್ಯಾಂಕಿನವರ ಬುದ್ಧಿ ಎಂದು ನಕ್ಕರೂ ಅಡ್ಡಿಯಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು; ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಬಳಕೆಗೆ ಬಂದದ್ದು ಆ ಘಟನೆಯ ನಂತರ. ಈ ವಿಷಕ್ಕೆ ಬೇಗ ತುತ್ತಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು. ಕರಾವಳಿಯ, ಮಲೆನಾಡಿನ, ಇಲ್ಲಿ ಕೊಂಕಣದ ಮಳೆಗಾಲದಲ್ಲಿ ಗೋಣಿಚೀಲದೊಳಗೆ ಹಿಂಡಿ ಎಷ್ಟು ದಿನ ಸುರಕ್ಷಿತವಾಗಿರುತ್ತದೆಂಬುದನ್ನು ಓದುಗರೇ ಊಹಿಸಬಹುದು. ಬೂಷ್ಟು ಹಿಡಿದುದನ್ನು ಬಿಸಿಲಿಗೆ ಹಾಕಿ ಕೊಡವಿದರೆ ವಿಷ ಹೋಗುವುದಿಲ್ಲ, ಕಾಣುವ ಪಾಚಿ ಮಾತ್ರ ಹೋಗುತ್ತದೆ.

ಮಾಂಸದ ಮಾತು ಬಂದಾಗ ನಮ್ಮ ಓದುಗರಲ್ಲಿ ಅನೇಕರಿಗೆ ಮುಜುಗರವಾಗುವುದು ಸಹಜ. ಕುಲ್ಲುವಿನ ಅಂಗೋರಾ ಮೊಲಗಳನ್ನು ಸಾಕುವುದು ಉಣ್ಣೆಗಾಗಿ ಎಂಬುದನ್ನು ಅವರು ನೆನೆಯಬಹುದು. ಕರುಳಿನ ನಿಯಮ ಅವಕ್ಕೂ ಬೇರೆಯಲ್ಲ. ನಮ್ಮ ಮುಂಬಯಿ, ಪುಣೆಗಳ ಫ್ಲಾಟುಗಳಲ್ಲಿ ಮಕ್ಕಳ ಹಟಕ್ಕೆ ಮಣಿದು ತಂದ ಮೊಲಗಳಿಗೂ ಅದೇ ನಿಯಮ. ಚಿತ್ರಕಥೆಗಳನ್ನು ನಂಬಿ ಅವಕ್ಕೆ ದಿನವಿಡೀ ಗಜ್ಜರಿ, ಜೊತೆಗೆ ಬಿಸ್ಕತ್ತು, ಬ್ರೆಡ್ಡು, ಅನ್ನ ತಿನ್ನಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಗಜ್ಜರಿ ಅಪರೂಪಕ್ಕೊಂದು ತುಂಡು ಸಾಕು. ಬೇಕಾದದ್ದು ಹಗಲಿರುಳೂ ಮುಂದಿರುವ ಒಣ ಹುಲ್ಲು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಅದನ್ನು ಸವೆಸಲಿಕ್ಕೂ ಅದೇ ಬೇಕು. ಈಗಿರುವ ಆಹಾರವನ್ನು ಒಂದೇ ದಿನದಲ್ಲಿ ಬದಲಿಸದೆ, ವಾರ ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹುಲ್ಲಿನ ಪಾಲನ್ನು ಹೆಚ್ಚಿಸಬೇಕು. ತಿನ್ನದೆ, ಹಿಕ್ಕೆ ಹಾಕದೆ ಮೂಲೆಯಲ್ಲಿ ಮುದುರಿ ಕುಳಿತಿದ್ದರೆ ಮರುದಿನದವರೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನೆಯಲ್ಲಿ ಉಳಿದ ಪ್ರತಿಜೀವಕದ ಗುಳಿಗೆಯನ್ನಂತೂ ಪುಡಿಮಾಡಿ ಕೊಡಲೇಬಾರದು.