ಒಂದೇ ಮ್ಯುಟೇಶನ್‌ನಿಂದ ಕ್ಯಾನ್ಸರ್ ಆಗುವುದಿಲ್ಲ

ನಮ್ಮ ಮೈಯ ಜೀವಕೋಶಗಳು ಸದಾ ಒಡೆದು ಎರಡಾಗುತ್ತಲೇ ಇರುತ್ತವೆ. ಸವೆದ ಚರ್ಮದ ಜಾಗಕ್ಕೆ ಹೊಸ ಚರ್ಮ ಬರುವುದು, ಗಾಯ ಮಾಯುವುದು, ಹೊಸ ರಕ್ತ ಹುಟ್ಟುವುದು ಹೀಗೆಯೇ. ಒಡೆಯುವ ಮೊದಲು ಕೋಶ ತನ್ನ ಡಿಎನ್‌ಎಯನ್ನು, ಅಂದರೆ ಹೆತ್ತವರಿಂದ ಬಂದ ಸೂಚನೆಗಳ ಬರಹವನ್ನು, ಪೂರ್ತಿ ನಕಲು ಮಾಡಬೇಕು. ಅದರಲ್ಲಿ ತಾಯಿಯಿಂದ ಬಂದ ಸುಮಾರು 300 ಕೋಟಿ ಅಕ್ಷರಗಳಿವೆ, ತಂದೆಯಿಂದ ಬಂದವೂ ಅಷ್ಟೇ. ಇಷ್ಟು ದೊಡ್ಡ ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ಬಹುಪಾಲು ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದದ್ದು ಮ್ಯುಟೇಶನ್. ತಂಬಾಕಿನ ಹೊಗೆ ಮತ್ತು ಬಿಸಿಲಿನ ಅತಿನೇರಳೆ ಕಿರಣಗಳು ಡಿಎನ್‌ಎಯನ್ನು ಕೆಡಿಸಿ ಇಂಥ ತಪ್ಪುಗಳನ್ನು ಹೆಚ್ಚಿಸುತ್ತವೆ.

ಹೆಚ್ಚಿನ ಮ್ಯುಟೇಶನ್‌ಗಳಿಂದ ಏನೂ ಆಗುವುದಿಲ್ಲ. ಕೋಶದ ಬೆಳವಣಿಗೆಯನ್ನು ಹಿಡಿತದಲ್ಲಿಡುವ ವಂಶವಾಹಿಗಳು ಕೆಟ್ಟಾಗಲೇ ಅಪಾಯ.

ಬೆಳೆಸುವ ವಂಶವಾಹಿ, ತಡೆಯುವ ವಂಶವಾಹಿ

ರಾಸ್ ಎಂಬ ವಂಶವಾಹಿಯಿಂದ ಆಗುವ ಪ್ರೋಟೀನು, ಬೆಳೆಯಬೇಕೆಂಬ ಸೂಚನೆ ಬಂದಾಗ ಎಚ್ಚರಗೊಂಡು ಕೆಲಸ ಮುಗಿದೊಡನೆ ಸುಮ್ಮನಾಗುತ್ತದೆ. ಮೂತ್ರಕೋಶದ ಕ್ಯಾನ್ಸರ್ ಕೋಶಗಳ ರಾಸ್‌ನಲ್ಲಿ ಒಂದೇ ಒಂದು ಅಕ್ಷರ, ಜಿ ಇದ್ದಲ್ಲಿ ಟಿ, ಬದಲಾಗಿದ್ದನ್ನು 1982ರಲ್ಲಿ ವಿಜ್ಞಾನಿಗಳು ಕಂಡರು. ಅಷ್ಟರಿಂದಲೇ ಆ ಪ್ರೋಟೀನು ಸುಮ್ಮನಾಗುವುದನ್ನು ಮರೆತಿತ್ತು.

ಟಿಪಿ53 ವಂಶವಾಹಿಯ ಕೆಲಸ ಇದಕ್ಕೆ ವಿರುದ್ಧ. ಡಿಎನ್‌ಎ ಕೆಟ್ಟರೆ ಅದು ಕೋಶ ಒಡೆಯದಂತೆ ತಡೆಯುತ್ತದೆ. ದುರಸ್ತಿ ಆಗದಿದ್ದರೆ ಕೋಶವೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಕಾವಲು ಮುರಿದಿರುತ್ತದೆ. ಕಾವಲಿಲ್ಲದ ಕೋಶದ ಸಂತತಿಯಲ್ಲಿ ತಪ್ಪಿನ ಮೇಲೆ ತಪ್ಪು ಕೂಡುತ್ತ ಹೋಗುತ್ತದೆ. ಸಾಮಾನ್ಯವಾಗಿ ಇಂಥ ಹಲವು ಪೆಟ್ಟುಗಳು ಒಂದೇ ಸಂತತಿಯಲ್ಲಿ ಸೇರಿದಾಗ ಗೆಡ್ಡೆ ಬೆಳೆಯುತ್ತದೆ, ಪಕ್ಕದ ಅಂಗಗಳಿಗೂ ಹರಡುತ್ತದೆ.

ಚೆನ್ನೈನಲ್ಲಿ ನಡೆದಿರುವ ಹುಡುಕಾಟ

ಒಂದು ಗೆಡ್ಡೆಯಲ್ಲಿ ಸಾವಿರಾರು ಮ್ಯುಟೇಶನ್‌ಗಳಿರಬಹುದು. ಬಸ್ಸಿನ ತುಂಬ ಜನರಿದ್ದರೂ ಅದನ್ನು ಓಡಿಸುವವರು ಒಬ್ಬರೇ ಇರುವಂತೆ, ಕ್ಯಾನ್ಸರನ್ನು ಮುನ್ನಡೆಸುವ ಮ್ಯುಟೇಶನ್‌ಗಳು ಕೆಲವೇ. ಉಳಿದವು ಜೊತೆಗೆ ಬಂದ ಪಯಣಿಗರು. ಇವನ್ನು ಬೇರ್ಪಡಿಸಲು ಮದ್ರಾಸ್ ಐಐಟಿಯ ಬಿ. ರವೀಂದ್ರನ್, ಕಾರ್ತಿಕ್ ರಾಮನ್ ಮತ್ತು ಸಂಗಡಿಗರು 2021ರಲ್ಲಿ ಎನ್‌ಬಿಡ್ರೈವರ್ ಎಂಬ ಕಂಪ್ಯೂಟರ್ ವಿಧಾನ ರೂಪಿಸಿದರು. ಅದು ಬದಲಾದ ಅಕ್ಷರದ ಅಕ್ಕಪಕ್ಕದ ಅಕ್ಷರಗಳನ್ನೂ ಓದಿ, ಮುನ್ನಡೆಸುವ ಮ್ಯುಟೇಶನ್ ಯಾವುದೆಂದು ಅಂದಾಜಿಸುತ್ತದೆ. 2025ರ ಫೆಬ್ರವರಿಯಲ್ಲಿ ಇದೇ ಸಂಸ್ಥೆ, 480 ಸ್ತನ ಕ್ಯಾನ್ಸರ್ ರೋಗಿಗಳ ಮಾದರಿಗಳನ್ನು ಓದಿ ಭಾರತ್ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಮಾಹಿತಿಕೋಶವನ್ನು ತೆರೆದಿಟ್ಟಿತು. ಜಗತ್ತಿನ ಇಂಥ ಮಾಹಿತಿಕೋಶಗಳಲ್ಲಿ ಭಾರತೀಯರ ಪಾಲು ತೀರಾ ಕಡಿಮೆ ಇರುವುದರಿಂದ ಇದು ಬಹಳ ಅಗತ್ಯವಾಗಿತ್ತು. ಯಾವ ಮ್ಯುಟೇಶನ್ ಕೆಡುಕು ಮಾಡಿತೆಂದು ತಿಳಿದರೆ ಅದಕ್ಕೆ ಗುರಿಯಿಟ್ಟ ಔಷಧಿಯನ್ನು ಹುಡುಕಬಹುದು.

ಕಾಲ ನಮ್ಮ ಕೈಯಲ್ಲಿದೆ

ಕ್ಯಾನ್ಸರ್ ಬಂದ ಮನೆಯವರು ಅದನ್ನು ಕರ್ಮವೆಂದೋ ಅಂಟುರೋಗವೆಂದೋ ತಿಳಿದು ನೋಯುವುದುಂಟು. ಅದು ಅಂಟುವುದಿಲ್ಲ. ಹೆತ್ತವರಿಂದಲೇ ಬಂದ ಮ್ಯುಟೇಶನ್‌ಗಳಿಂದ ಆಗುವ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವು ಹೆಚ್ಚಾಗಿ ಬದುಕಿನುದ್ದಕ್ಕೂ ಕೂಡಿಬಂದ ತಪ್ಪುಗಳ ಫಲ.

ಹೀಗೆ ಕೂಡಿಬರಲು ವರ್ಷಗಳೇ ಬೇಕು, ನಮಗಿರುವ ಅವಕಾಶವೂ ಅಲ್ಲಿಯೇ ಇದೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್, ಟಿಪಿ53 ತಯಾರಿಸುವ ಪ್ರೋಟೀನನ್ನು ನಾಶಮಾಡಿ ಕಾವಲು ತಪ್ಪಿಸುತ್ತದೆ. ಆದರೂ ಸೋಂಕು ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಆ ನಡುವೆ ಗರ್ಭಕಂಠದ ಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಿದರೆ ಕೆಡತೊಡಗಿದ ಕೋಶಗಳನ್ನು ಕಂಡು ತೆಗೆಯಬಹುದು. ಎಳೆಯ ವಯಸ್ಸಿನಲ್ಲೇ ಲಸಿಕೆ ಹಾಕಿಸಿದರೆ ಸೋಂಕನ್ನೇ ತಡೆಯಬಹುದು.

ಬೇಗ ಪತ್ತೆಹಚ್ಚಬೇಕೆಂಬ ಮಾತು ಹೊಸದೇನಲ್ಲ. ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿಯವರು ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ನೋವಿನಿಂದ, 1954ರಲ್ಲಿ ಚೆನ್ನೈನ ಅಡ್ಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆ ಆರಂಭಿಸಿದರು. ಮರುವರ್ಷ ಅಲ್ಲಿ ಸೇರಿದ ಡಾ. ವಿ. ಶಾಂತಾ, 2021ರಲ್ಲಿ ತೀರಿಕೊಳ್ಳುವವರೆಗೂ, ಬೇಗ ಪತ್ತೆಹಚ್ಚಿದರೆ ಜೀವ ಉಳಿಯುತ್ತದೆ ಎಂದು ಜನರಿಗೆ ತಿಳಿಹೇಳಿದರು. ಮ್ಯುಟೇಶನ್‌ಗಳ ಅಧ್ಯಯನ ಅವರ ಮಾತಿಗೆ ಕಾರಣವನ್ನು ಒದಗಿಸಿದೆ. ತಂಬಾಕು ಬಿಡಿ, ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಿ, ಮಾಯದ ಹುಣ್ಣು ಅಥವಾ ಗಂಟು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.