ಕೊಲೆಸ್ಟರಾಲ್ ಗುಳಿಗೆಯೂ ಕಾಲುನೋವೂ

ಯುಗಾದಿಗೆ ಮುನ್ನ ಕಂಬಿ ಹೊತ್ತು ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೊರಡುವುದು ಉತ್ತರ ಕರ್ನಾಟಕದ ನಮ್ಮ ಭಕ್ತರಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಹೀಗೆ ಹೋಗಿಬಂದ ಹಿರಿಯರೊಬ್ಬರು ನಮ್ಮೊಡನೆ ಮಾತನಾಡುತ್ತ, "ತೊಡಿ, ಮೀನಖಂಡ ಎಲ್ಲಾ ಹಿಡಕೊಂಡಾವ ನೋಡ್ರಿ. ಪೂಜಿಗೆ ಕೂತರ ಏಳಾಕ ಆಗವಲ್ದು. ಎಲ್ಲಾ ಆ ಕೊಲೆಸ್ಟರಾಲ್ ಗುಳಿಗಿ ಕೆಲಸ. ಬಿಟ್ಟಬಿಟ್ಟೀನಿ" ಎಂದರು. ಎರಡು ವರ್ಷಗಳ ಹಿಂದೆ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಲಾಗಿತ್ತು. ಗುಳಿಗೆ ಬಿಟ್ಟ ಸಂಗತಿ ವೈದ್ಯರಿಗಿರಲಿ, ದಿನವೂ ಅದನ್ನು ಕೈಗಿಡುವ ಸೊಸೆಗೂ ತಿಳಿದಿರಲಿಲ್ಲ. ಇಂಥ ಮಾತು ಅನೇಕ ಮನೆಗಳಿಂದ ಕೇಳಿಬರುತ್ತಿರುವುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಈ ಗುಳಿಗೆಗಳ ವರ್ಗಕ್ಕೆ ಸ್ಟ್ಯಾಟಿನ್ ಎಂದು ಹೆಸರು. ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿವೆ. ಜಪಾನಿನ ಅಕಿರಾ ಎಂಡೊ ಅವರು 1970ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಿಂದ ಇದರ ಮೊದಲ ರೂಪವನ್ನು ಬೇರ್ಪಡಿಸಿದರು. ಔಷಧಿಯಾಗಿ ಅಮೆರಿಕದಲ್ಲಿ ಮೊದಲು ಮನ್ನಣೆ ಪಡೆದುದು 1987ರಲ್ಲಿ, ಲೊವಾಸ್ಟ್ಯಾಟಿನ್. ಯಕೃತ್ತು ಕೊಲೆಸ್ಟರಾಲ್ ತಯಾರಿಸುವುದನ್ನು ಇವು ತಗ್ಗಿಸುತ್ತವೆ. ಆಗ ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನೇ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ.

ಸ್ನಾಯುಗಳಿಗೆ ಇವುಗಳಿಂದ ತೊಂದರೆಯೇ ಇಲ್ಲವೆಂದು ನಾವು ಹೇಳಲಾರೆವು. ಸೆರಿವಾಸ್ಟ್ಯಾಟಿನ್ ಎಂಬುದನ್ನು 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಸ್ನಾಯುಗಳು ಕರಗಿ ಮರಣಗಳು ಸಂಭವಿಸಿದ ಕಾರಣದಿಂದಲೇ. ಇಂದಿನ ಗುಳಿಗೆಗಳಲ್ಲಿ ಅಂಥ ಅಪಾಯ ತೀರ ವಿರಳ. ಸಾಮಾನ್ಯ ನೋವಿನ ಲೆಕ್ಕವೂ ನಾವು ಭಾವಿಸಿದಂತಿಲ್ಲ. ಲಕ್ಷಕ್ಕೂ ಮಿಕ್ಕಿದ ಜನರ ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸ್ಟ್ಯಾಟಿನ್ ಸೇವಿಸಿದವರಲ್ಲಿ ಶೇ. 27.1, ಔಷಧವಿಲ್ಲದ ಹುಸಿ ಗುಳಿಗೆ ಸೇವಿಸಿದವರಲ್ಲಿ ಶೇ. 26.6 ಜನರು ಸ್ನಾಯುಗಳ ತೊಂದರೆ ಹೇಳಿಕೊಂಡಿದ್ದರು. ಅದಕ್ಕೂ ಮೊದಲು, 2020ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬೇನೆಯೆಂದು ಗುಳಿಗೆ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದುದನ್ನು, ಕೆಲವು ತಿಂಗಳು ಹುಸಿಯನ್ನು ಕೊಟ್ಟು, ಕೆಲವು ತಿಂಗಳು ಏನನ್ನೂ ಕೊಡದೆ ನೋಡಿದರು. ಹುಸಿ ಗುಳಿಗೆಯ ತಿಂಗಳುಗಳಲ್ಲಿಯೂ ಬಾಧೆ ಹೆಚ್ಚುಕಡಿಮೆ ಅಷ್ಟೇ ಇತ್ತು! ನೋವು ಸುಳ್ಳೆಂದು ಇದರ ಅರ್ಥವಲ್ಲ. ಬಾಧೆ ನಿಜವೇ, ಅದರ ಮೂಲ ಬೇರೆ.

ಹಾಗಾದರೆ ಗುಳಿಗೆಯ ನೋವನ್ನು ಗುರುತಿಸುವುದೆಂತು? ಅದು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ, ತೊಡೆ, ಸೊಂಟ, ಮೀನಖಂಡಗಳಲ್ಲಿ, ಗುಳಿಗೆ ಆರಂಭಿಸಿದ ಇಲ್ಲವೆ ಪ್ರಮಾಣ ಏರಿಸಿದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಒಂದೇ ಮಂಡಿಯ ನೋವನ್ನು ಅದರ ತಲೆಗೆ ಕಟ್ಟಲಾಗದು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಗಳೂ ಮೈಕೈ ನೋಯಿಸುತ್ತವೆ. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಕಫಕ್ಕೆ ಕೊಡುವ ಕ್ಲಾರಿತ್ರೊಮೈಸಿನ್ ಜೊತೆಗೂಡಿದರೆ ಕೆಲವು ಸ್ಟ್ಯಾಟಿನ್‌ಗಳು ರಕ್ತದಲ್ಲಿ ಹೆಚ್ಚಿ ಸ್ನಾಯುಗಳನ್ನು ಕಾಡುವುದುಂಟು. ಅಂಗಡಿಯಿಂದ ತಾವೇ ಔಷಧಿ ತಂದು ನುಂಗುವವರು ಇದನ್ನು ಗಮನಿಸಬೇಕು.

ತೋಳು-ತೊಡೆಗಳ ಶಕ್ತಿ ಉಡುಗಿ, ಮೂತ್ರ ಚಹಾದ ಡಿಕಾಕ್ಷನ್ನಿನಂತೆ ಕಪ್ಪಾದರೆ ಮಾತ್ರ ಗುಳಿಗೆಯನ್ನು ಕೂಡಲೇ ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ತಡವಾದರೆ ಮೂತ್ರಪಿಂಡಗಳಿಗೆ ಅಪಾಯ. ಉಳಿದಂತೆ, ಅದರಲ್ಲಿಯೂ ಒಮ್ಮೆ ಹೃದಯಾಘಾತವಾದವರು, ತಾವಾಗಿಯೇ ಬಿಡಲಾಗದು; ಬಿಟ್ಟವರಿಗೆ ಮತ್ತೆ ಆಘಾತವಾಗುವ ಸಂಭವ ಏರುತ್ತದೆ. ಪ್ರಮಾಣ ಇಳಿಸುವುದು, ಬೇರೊಂದು ಸ್ಟ್ಯಾಟಿನ್, ದಿನ ಬಿಟ್ಟು ದಿನ ಸೇವನೆ, ಎಜೆಟಿಮೈಬ್ ಎಂಬ ಬೇರೆ ಗುಳಿಗೆ, ಹೀಗೆ ವೈದ್ಯರ ಬಳಿ ದಾರಿಗಳಿವೆ.

ನಮ್ಮ ಹಿರಿಯರು ಎರಡು ವರ್ಷ ಅದೇ ಗುಳಿಗೆ ತೆಗೆದುಕೊಂಡರೂ ನೋವೆಂದಿರಲಿಲ್ಲ. ನೋವು ಬಂದದ್ದು ನೂರಾರು ಕಿಲೋಮೀಟರ್ ನಡೆದ ಮೇಲೆ. ಸೊಸೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದರು. ಸ್ನಾಯು ಸವೆತ ತೋರುವ ಸಿ.ಕೆ. ಎಂಬ ರಕ್ತಪರೀಕ್ಷೆಯ ಅಂಕಿ ಬರಿಯ ಶ್ರಮದಿಂದಲೂ ಏರುವುದರಿಂದ, ಕೆಲವು ದಿನ ವಿಶ್ರಾಂತಿಯ ನಂತರವೇ ಅದನ್ನು ಮಾಡಿಸಿದರು. ಅಂಕಿ ಸರಿಯಾಗಿತ್ತು; ಅಷ್ಟರಲ್ಲಿ ನೋವೂ ಇಳಿದಿತ್ತು. ಗುಳಿಗೆ ಮತ್ತೆ ನಡೆದಿದೆ. ಮುಂದಿನ ಯಾತ್ರೆಗೆ ಎರಡು ತಿಂಗಳು ಮೊದಲೇ ದಿನವೂ ಸ್ವಲ್ಪ ಸ್ವಲ್ಪ ನಡೆದು ಕಾಲನ್ನು ಪಳಗಿಸಿಕೊಳ್ಳಲು ವೈದ್ಯರು ಹೇಳಿದ್ದಾರೆ.