ನಿಮಗಿದು ಗೊತ್ತೇ? ಪೋಕರ್ ಟೂರ್ನಿಯ ಲೆಕ್ಕ ಮತ್ತು ಕಾನೂನು

ಪೋಕರ್‌ನಲ್ಲಿ ಕೈಗೆ ಬರುವ ಮೊದಲ ಎರಡು ಎಲೆಗಳೂ ಎಕ್ಕವೇ ಆಗುವುದು ಸರಾಸರಿ 221 ಸಲಕ್ಕೆ ಒಮ್ಮೆ. ಆ ಜೋಡಿ ಎಕ್ಕ ಹಿಡಿದು, ಎದುರಾಳಿಯ ಜೋಡಿ ರಾಜನ ಮೇಲೆ ಇದ್ದಬದ್ದ ಚಿಪ್ಸ್ ಎಲ್ಲ ಇಟ್ಟರೂ ಗೆಲುವು ನೂರಕ್ಕೆ ಸುಮಾರು 82 ಸಲ ಮಾತ್ರ. ಹೀಗೆ ಸತತ ಮೂರು ಸಲ ಗೆಲ್ಲುವ ಸಾಧ್ಯತೆ ಶೇ 55ಕ್ಕೆ ಇಳಿಯುತ್ತದೆ. ಟೂರ್ನಿ ಗೆಲ್ಲಲು ಹೊರಟವರು ಇಂಥ ಗಂಡಾಂತರಗಳನ್ನು ಹಲವು ಸಲ ದಾಟಬೇಕು, ಅದೂ ಬಹುಪಾಲು ಇದಕ್ಕಿಂತ ಕಡಿಮೆ ಬಲದ ಎಲೆ ಹಿಡಿದು. ನೌಕರಿಯನ್ನೋ ಅಂಗಡಿಯನ್ನೋ ಬಿಡದೆ, ಬಿಡುವಿನಲ್ಲಷ್ಟೇ ಟೂರ್ನಿ ಆಡುವ ಅರೆವೃತ್ತಿಯ ಆಟಗಾರರು ಲೆಕ್ಕ ಬಲ್ಲವರು ಎಂದೇ ನನ್ನ ಅಭಿಪ್ರಾಯ.

ಟೂರ್ನಿಯ ಚಿಪ್ಸ್ ಹಣವಲ್ಲ. ಪ್ರವೇಶ ಶುಲ್ಕ ಕಟ್ಟಿ ಕುಳಿತ ಮೇಲೆ ಅರ್ಧದಲ್ಲಿ ಎದ್ದು ಅವನ್ನು ನಗದು ಮಾಡಿಕೊಳ್ಳಲು ಬರುವುದಿಲ್ಲ. ಗೊತ್ತಾದ ಅವಧಿಗೊಮ್ಮೆ ಕಡ್ಡಾಯ ಪಣ ಏರುವುದರಿಂದ ಒಳ್ಳೆಯ ಎಲೆಗಾಗಿ ಸುಮ್ಮನೆ ಕಾಯುವವರ ರಾಶಿ ತಾನಾಗಿ ಕರಗುತ್ತದೆ. ಸಾಮಾನ್ಯವಾಗಿ ನೂರು ಜನರಲ್ಲಿ ಬಹುಮಾನ ಸಿಗುವುದು ಹತ್ತು ಹದಿನೈದು ಮಂದಿಗೆ. ದೊಡ್ಡ ಮೊತ್ತವೆಲ್ಲ ಮೊದಲ ಕೆಲವರ ಪಾಲು. ಅಂದಮೇಲೆ ಪಳಗಿದ ಆಟಗಾರ ಕೂಡ ಬಹುತೇಕ ದಿನ ಬರಿಗೈಯಲ್ಲೇ ಮನೆಗೆ ಹೋಗುತ್ತಾನೆ.

2003ರಲ್ಲಿ ಪೋಕರ್‌ನ ವಿಶ್ವ ಸರಣಿಯ ಮುಖ್ಯ ಟೂರ್ನಿ ಗೆದ್ದ ಕ್ರಿಸ್ ಮನಿಮೇಕರ್ ಅಮೆರಿಕದ ಒಬ್ಬ ಲೆಕ್ಕಿಗ. ಮನಿಮೇಕರ್ ಎಂಬುದು ಅವರ ನಿಜವಾದ ಮನೆಹೆಸರು! 10,000 ಡಾಲರ್ ಪ್ರವೇಶ ಶುಲ್ಕದ ಆ ಟೂರ್ನಿಗೆ ಅವರು ಬಂದದ್ದು 86 ಡಾಲರ್‌ನ ಆನ್‌ಲೈನ್ ಅರ್ಹತಾ ಆಟ ಗೆದ್ದು. ಉಳಿದ 838 ಜನರನ್ನು ಹಿಂದಿಕ್ಕಿ ಪಡೆದದ್ದು 25 ಲಕ್ಷ ಡಾಲರ್.

ಇಸ್ಪೀಟೆಲ್ಲ ಜೂಜೇ? ಈ ಪ್ರಶ್ನೆಯ ಹಳೆಯ ಉತ್ತರಕ್ಕೂ ಮಾನವಿ, ಸಿಂಧನೂರಿನ ನಡುವಿನ ಪೋತ್ನಾಳಕ್ಕೂ ಒಂದು ನಂಟಿದೆ. 1956ರ ನವೆಂಬರ್ 1ರವರೆಗೆ ಪೋತ್ನಾಳವಿರುವ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿ ಜಾರಿಯಲ್ಲಿದ್ದದ್ದು ಫಸಲಿ 1305ರ ಹೈದರಾಬಾದ್ ಜೂಜು ಕಾಯ್ದೆ. ಅದೇ ಕಾಯ್ದೆಯಡಿ 1963ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಪೊಲೀಸರು ದಾಳಿ ಮಾಡಿದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ, 1967ರಲ್ಲಿ ತೀರ್ಪು ಬಂತು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸಬೇಕು. ಆದ್ದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟ. ಮೂರೆಲೆ ಆಟ ಮಾತ್ರ ಬರೀ ಅದೃಷ್ಟದ್ದು ಎಂದಿತು ನ್ಯಾಯಾಲಯ.

ಅದಕ್ಕೂ ಮೊದಲೇ, 1957ರಲ್ಲಿ, ಕೌಶಲಕ್ಕೂ ಜೂಜಿಗೂ ಸುಪ್ರೀಂ ಕೋರ್ಟ್ ಗೆರೆ ಎಳೆದದ್ದು ಪದಬಂಧ ಸ್ಪರ್ಧೆಯೊಂದರ ಮೊಕದ್ದಮೆಯಲ್ಲಿ. ಆ ಪದಬಂಧ ಅಚ್ಚಾಗುತ್ತಿದ್ದ ವಾರಪತ್ರಿಕೆ ಬೆಂಗಳೂರಿನದು!

ಪೋಕರ್ ಬಗ್ಗೆ ಕರ್ನಾಟಕ ಹೈಕೋರ್ಟ್ ಮಾತಾಡಿದ್ದು 2013ರ ಅಕ್ಟೋಬರ್‌ನಲ್ಲಿ. ಕೌಶಲದ ಆಟವಾಗಿ ಆಡಿಸುವುದಾದರೆ ಪರವಾನಗಿ ಬೇಕಿಲ್ಲ ಎಂದಿತು. ನಾಲ್ಕು ವರ್ಷದ ನಂತರ ಗುಜರಾತ್ ಹೈಕೋರ್ಟ್ ಅದೇ ಪೋಕರನ್ನು ಜೂಜು ಎಂದು ಕರೆಯಿತು. ಪಶ್ಚಿಮ ಬಂಗಾಳದಲ್ಲಿ 1957ರ ಕಾಯ್ದೆಯೇ ಪೋಕರನ್ನು ಹೆಸರಿಸಿ ಜೂಜಿನ ಪಟ್ಟಿಯಿಂದ ಹೊರಗಿಟ್ಟಿದೆ. ಒಂದೇ ದೇಶ, ಅವೇ 52 ಎಲೆ! ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು.

ತೆರಿಗೆಯ ಲೆಕ್ಕ ಕೇಳಿ. ಇಸ್ಪೀಟಿನ ಗೆಲುವಿಗೆ ಶೇ 30 ಆದಾಯ ತೆರಿಗೆ, ಮೇಲೆ ಸೆಸ್. ಖರ್ಚನ್ನಾಗಲಿ ನಷ್ಟವನ್ನಾಗಲಿ ಕಳೆಯುವಂತಿಲ್ಲ. ತಲಾ 10,000 ರೂಪಾಯಿಯ ಹತ್ತು ಟೂರ್ನಿ ಆಡಿ, ಒಂಬತ್ತರಲ್ಲಿ ಸೋತು, ಹತ್ತನೆಯದರಲ್ಲಿ 1 ಲಕ್ಷ ಗೆದ್ದರೆ ಕೈಗೆ ಉಳಿದದ್ದು ಸೊನ್ನೆ. ಆದರೂ 31,200 ರೂಪಾಯಿ ತೆರಿಗೆ ಕಟ್ಟಬೇಕು. ಆಟಗಾರನ ಇಡೀ ವರ್ಷದ ಜಾಣತನ ಈ ಒಂದು ನಿಯಮದಲ್ಲಿ ಮುಳುಗಿಹೋಗುತ್ತದೆ. ಇದು ನ್ಯಾಯವೆಂದು ನನಗನ್ನಿಸುವುದಿಲ್ಲ. ಆನ್‌ಲೈನ್ ಆಟಕ್ಕಾದರೂ 2023ರಿಂದ ವರ್ಷದ ನಿವ್ವಳ ಗೆಲುವಿನ ಮೇಲೆ ತೆರಿಗೆ ಹಾಕುವ ಕ್ರಮ ಬಂತು. ಅದೇ ವರ್ಷದ ಅಕ್ಟೋಬರ್‌ನಿಂದ, ಆಡಲು ಕಟ್ಟುವ ಹಣದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಿತ್ತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಹಣ ಕಟ್ಟಿ ಗೆಲ್ಲುವ ಆನ್‌ಲೈನ್ ಆಟ ಯಾವುದಾದರೂ ನಿಷಿದ್ಧ. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಸಾಲದಲ್ಲಿ ಮುಳುಗಿದ ಮನೆಗಳನ್ನು ಕಂಡವರು ಇದನ್ನು ಸ್ವಾಗತಿಸಿದ್ದು ಸಹಜ, ನಾನೂ ಸ್ವಾಗತಿಸುತ್ತೇನೆ. ಆದರೆ ಪೋತ್ನಾಳದಂಥ ಊರಿನಲ್ಲಿ ಲೆಕ್ಕ ಹಾಕಿ ಆಡುವವರಿಗೆ ಮೊಬೈಲೇ ಟೂರ್ನಿಯ ಮೇಜಾಗಿತ್ತು. ಇನ್ನು ದೊಡ್ಡ ಟೂರ್ನಿ ಬೇಕೆಂದರೆ ಹುಬ್ಬಳ್ಳಿ ದಾಟಿ, ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗು ಹತ್ತಬೇಕು. ಅಲ್ಲಿ 21 ತುಂಬದವರಿಗೆ ಪ್ರವೇಶವಿಲ್ಲ.